ಟ್ರೆಬೊನ್ ಕೆರೆಗಳ ಮೀನು ಸುಗ್ಗಿ

ಚೆಕ್ ದೇಶದ ದಕ್ಷಿಣಕ್ಕೆ, ಆಸ್ಟ್ರಿಯಾ ಗಡಿಯ ಹತ್ತಿರ, ಟ್ರೆಬೊನ್ ಎಂಬ ಸಣ್ಣ ಊರಿದೆ. ಅದರ ಸುತ್ತಮುತ್ತ ನಾನೂರಕ್ಕೂ ಹೆಚ್ಚು ಕೆರೆಗಳು. ಹೆಚ್ಚುಕಮ್ಮಿ ಎಲ್ಲವೂ ಮನುಷ್ಯರು ಏರಿ ಹಾಕಿ, ತೂಬು ಇಟ್ಟು ಕಟ್ಟಿದವೇ. ಒಂದರ ನೀರು ಇನ್ನೊಂದಕ್ಕೆ, ಅದರದು ಮತ್ತೊಂದಕ್ಕೆ ಹೀಗೆ ಹರಿದು ಕೊನೆಗೆ ಲುಝ್ನಿತ್ಸೆ ನದಿ ಸೇರುತ್ತದೆ. ಐನೂರು ವರ್ಷಗಳಿಂದ ಈ ಕೆರೆಗಳ ಮುಖ್ಯ ಬೆಳೆ ಒಂದೇ, ಕಾರ್ಪ್ ಮೀನು. ನಮ್ಮ ಮೀನುಗಾರಿಕೆ ಇಲಾಖೆಯವರು ಸಾಮಾನ್ಯ ಗೆಂಡೆ ಎನ್ನುತ್ತಾರಲ್ಲ, ಅದೇ. ಭಾರತಕ್ಕೆ ಇದು 1939ರಲ್ಲಿ ಸಿಲೋನಿನಿಂದ ನೀಲಗಿರಿಗೆ ಬಂತು. ಇವತ್ತು ಕರ್ನಾಟಕದ ಕೆರೆಗಳಲ್ಲಿ ಕಾಟ್ಲಾ, ರೋಹು ಜೊತೆ ಇದನ್ನೂ ಬಿಡುತ್ತಾರೆ.

ನಾನು ಕೋಲಾರ ಜಿಲ್ಲೆಯವಳು. ಮಂಗಳೂರಿನ ಮೀನುಗಾರಿಕೆ ಕಾಲೇಜಿನಲ್ಲಿ ಓದಿ, ಮುಂದಿನ ಸಂಶೋಧನೆಗೆಂದು ದಕ್ಷಿಣ ಬೊಹೆಮಿಯಾ ವಿಶ್ವವಿದ್ಯಾಲಯಕ್ಕೆ ಬಂದೆ. ಅದರ ಮೀನುಗಾರಿಕೆ ವಿಭಾಗ ಇರುವುದು ವೊದ್‌ನ್ಯಾನಿ ಎಂಬ ಊರಿನಲ್ಲಿ. ಅಲ್ಲಿ ಸೇರಿದವರೆಲ್ಲ ಒಮ್ಮೆಯಾದರೂ ಶರತ್ಕಾಲದಲ್ಲಿ ಟ್ರೆಬೊನ್ ಕಡೆ ಹೋಗಿ ಸುಗ್ಗಿಗೆ ಕೈಜೋಡಿಸುತ್ತಾರೆ. ಸುಗ್ಗಿಗೆ ಚೆಕ್ ಭಾಷೆಯಲ್ಲಿ ವೀಲೊವ್ ಎನ್ನುತ್ತಾರೆ. ಕೆರೆಯನ್ನು ಬತ್ತಿಸಿ, ತಳದಲ್ಲಿ ಉಳಿದ ನೀರಿನಲ್ಲಿ ಮೀನು ಹಿಡಿಯುವ ಪದ್ಧತಿ. ಟಿವಿಯಲ್ಲಿ, ಪತ್ರಿಕೆಗಳಲ್ಲಿ ಬರುವುದು ಕೊನೆಯ ದಿನದ ದೃಶ್ಯ ಮಾತ್ರ: ಮಂಜು, ದೋಣಿ, ಬಲೆ, ಕುದಿಯುವ ಹಾಗೆ ಒದ್ದಾಡುವ ಮೀನು. ಆ ದಿನಕ್ಕೆ ಮುಂಚಿನ ಕೆಲಸ ಯಾರ ಕಣ್ಣಿಗೂ ಬೀಳುವುದಿಲ್ಲ. ನನ್ನ ಮನಸ್ಸು ಹಿಡಿದದ್ದು ಆ ಕೆಲಸವೇ. ಅದಕ್ಕೇ ಇಷ್ಟು ವಿವರವಾಗಿ ಬರೆಯಬೇಕು ಅನ್ನಿಸಿತು.

ಕೆರೆಗಳ ಜೋಡಣೆ ಅರ್ಥವಾಗದಿದ್ದರೆ ಸುಗ್ಗಿಯೂ ಅರ್ಥವಾಗದು. ಟ್ರೆಬೊನ್ ಇರುವುದು ತಟ್ಟೆಯಂಥ ತಗ್ಗಿನಲ್ಲಿ. ಹಿಂದೆ ಇದೆಲ್ಲ ಜೌಗು, ನೇಗಿಲು ಹೂಡಿದರೆ ಹೂತುಹೋಗುವ ನೆಲ. ಬೆಳೆ ಬಾರದ ಜಾಗದಲ್ಲಿ ಮೀನು ಬೆಳೆಯೋಣ ಎಂದು ಆಗಿನ ಜಮೀನ್ದಾರರು ಹೊರಟರು. ಉಪವಾಸದ ದಿನಗಳಲ್ಲಿ ಮಾಂಸ ನಿಷಿದ್ಧವಾಗಿದ್ದ ಕ್ರೈಸ್ತ ಸಮಾಜದಲ್ಲಿ ಮೀನಿಗೆ ಒಳ್ಳೆಯ ಬೆಲೆಯೂ ಇತ್ತು. ರೋಝಂಬೆರ್ಕ್ ಮನೆತನದ ಕೈಕೆಳಗಿದ್ದ ಶ್ಟೆಪಾನೆಕ್ ನೆತೊಲಿತ್ಸ್ಕೀ 1506ರಲ್ಲಿ ಒಂದು ಕಾಲುವೆ ತೋಡಲು ಶುರುಮಾಡಿದ. ಹೆಸರು ಝ್ಲಾತಾ ಸ್ತೋಕಾ, ಅಂದರೆ ಚಿನ್ನದ ಕಾಲುವೆ. 45 ಕಿಲೋಮೀಟರಿಗೂ ಉದ್ದದ ಈ ಕಾಲುವೆ ಲುಝ್ನಿತ್ಸೆಯಿಂದ ನೀರು ಎತ್ತಿಕೊಂಡು, ಟ್ರೆಬೊನ್ ಊರೊಳಗೇ ಹಾದು, ದಾರಿಯುದ್ದಕ್ಕೂ ಕೆರೆಗಳಿಗೆ ನೀರು ಹಂಚುತ್ತಾ ಮತ್ತೆ ಅದೇ ನದಿಗೆ ಸೇರುತ್ತದೆ. ಇಳಿಜಾರು ಎಷ್ಟು ಕಡಿಮೆ ಎಂದರೆ ದಂಡೆಯಲ್ಲಿ ನಿಂತು ನೋಡಿದರೆ ನೀರು ಯಾವ ಕಡೆ ಹರಿಯುತ್ತಿದೆ ಎಂದು ತಿಳಿಯಲು ಒಂದು ಎಲೆ ಎಸೆಯಬೇಕು. ಎಸೆದು ನೋಡಿದ್ದೇನೆ. ಯಂತ್ರವಿಲ್ಲದ ಕಾಲದಲ್ಲಿ ಅಷ್ಟು ಉದ್ದಕ್ಕೆ ಮಟ್ಟ ತಪ್ಪದಂತೆ ತೋಡಿದ ಕೈಗಳ ಬಗ್ಗೆ ನನಗೆ ಅಪಾರ ಗೌರವ.

ನೆತೊಲಿತ್ಸ್ಕೀ ನಂತರ ಬಂದವನು ಯಾಕುಬ್ ಕ್ರ್ಚೀನ್. 1584ರಿಂದ 1590ರವರೆಗೆ ದುಡಿಸಿ ಅವನು ಕಟ್ಟಿಸಿದ ರೋಝಂಬೆರ್ಕ್ ಕೆರೆ ಈ ದೇಶದಲ್ಲೇ ದೊಡ್ಡದು. ನೀರು ನಿಲ್ಲುವ ಜಾಗ 489 ಹೆಕ್ಟೇರ್, ಏರಿಯ ಉದ್ದ ಸುಮಾರು 2.4 ಕಿಲೋಮೀಟರ್. ಏರಿಯ ಮೇಲೆ ಹಳೆಯ ಓಕ್ ಮರಗಳ ಸಾಲು. ಲುಝ್ನಿತ್ಸೆ ನದಿಗೇ ಅಡ್ಡ ಕಟ್ಟಿದ ಏರಿಯಾದ್ದರಿಂದ ಪ್ರವಾಹ ಬಂದರೆ ಕೊಚ್ಚಿಹೋದೀತು ಎಂದು ಕ್ರ್ಚೀನ್ ಮೇಲ್ಭಾಗದಲ್ಲೇ 13 ಕಿಲೋಮೀಟರಿಗೂ ಉದ್ದದ ಇನ್ನೊಂದು ಕಾಲುವೆ ತೋಡಿಸಿದ. ಹೆಚ್ಚಾದ ನೀರನ್ನು ಅದು ನೆಝಾರ್ಕಾ ನದಿಗೆ ತಿರುಗಿಸುತ್ತದೆ. ಅದಕ್ಕೆ ಹೊಸ ನದಿ ಎಂದೇ ಹೆಸರು. ನಾನೂರು ವರ್ಷ ಕಳೆದ ಮೇಲೆ, 2002ರ ಆಗಸ್ಟ್ ಪ್ರವಾಹದಲ್ಲಿ ಈ ಕೆರೆ ಸುಮಾರು 7 ಕೋಟಿ ಘನ ಮೀಟರ್ ನೀರನ್ನು ಹಿಡಿದು ನಿಲ್ಲಿಸಿತು. ಎಂದಿನ ಸಂಗ್ರಹದ ಎಷ್ಟೋ ಪಟ್ಟು ನೀರು. ಏರಿ ಒಡೆಯಲಿಲ್ಲ. ಕೆಳಗಿನ ಊರುಗಳ ಹಿರಿಯರು ಆ ವಾರದ ಮಾತು ಬಂದರೆ ಇಂದಿಗೂ ಕ್ರ್ಚೀನನ ಹೆಸರು ಎತ್ತುತ್ತಾರೆ.

ಈಗ ಕೆಲಸಕ್ಕೆ ಬರೋಣ.

ಕೆರೆಗಳನ್ನು ಗುಂಪು ಗುಂಪಾಗಿ ವಿಂಗಡಿಸಿ ಒಬ್ಬೊಬ್ಬ ಮೇಲ್ವಿಚಾರಕನಿಗೆ ಒಪ್ಪಿಸಿರುತ್ತಾರೆ. ಅವನಿಗೆ ಬಾಷ್ಟೀರ್ ಎನ್ನುತ್ತಾರೆ. ನಮ್ಮ ಕಡೆಯ ನೀರಗಂಟಿಯೂ ಮೀನು ಸಾಕುವವನೂ ಒಬ್ಬನೇ ಆದರೆ ಹೇಗೋ ಹಾಗೆ. ಯಾವ ತೂಬು ಯಾವಾಗ ಎತ್ತಬೇಕು, ಯಾವ ಕೆರೆಗೆ ಎಷ್ಟು ಮರಿ, ಯಾವ ಕೆರೆಗೆ ಎಷ್ಟು ಕಾಳು, ನೀರುನಾಯಿ ಎಲ್ಲಿ ಬಿಲ ಮಾಡಿದೆ, ಏರಿಯಲ್ಲಿ ಎಲ್ಲಿ ಒಸರುತ್ತಿದೆ, ಎಲ್ಲ ಅವನಿಗೆ ಗೊತ್ತಿರಬೇಕು. ನನ್ನನ್ನು ಜೊತೆಗೆ ಹಾಕಿದ ಬಾಷ್ಟೀರ್‌ಗೆ ಅರವತ್ತರ ಹತ್ತಿರ ವಯಸ್ಸು. ನನ್ನ ಚೆಕ್ ಭಾಷೆ ಆಗ ಅಷ್ಟಕ್ಕಷ್ಟೇ, ಹಾಗಾಗಿ ನಿಧಾನವಾಗಿ, ಬಿಡಿಸಿ ಬಿಡಿಸಿ ಹೇಳುತ್ತಿದ್ದರು. ಮೊದಲ ದಿನವೇ ಹೇಳಿದ್ದು: "ನೀವು ನೀರನ್ನ ನೋಡ್ತಾ ಇರಿ. ಮೀನು ನೀರಿನ ಹಿಂದೆ ತಾನೇ ಬರುತ್ತೆ."

ದೊಡ್ಡ ಕೆರೆಗಳಿಗೆ ಕಬ್ಬಿಣದ ಬಾಗಿಲಿನ ತೂಬುಗಳಿವೆ. ಸಣ್ಣ ಕೆರೆಗಳ ತೂಬು ಬೇರೆ ಥರ. ಏರಿಯ ಒಳಮಗ್ಗುಲಲ್ಲಿ ಕಾಂಕ್ರೀಟಿನ ಕಿರಿದಾದ ಕಂಬದಂಥ ಪೆಟ್ಟಿಗೆ ನಿಂತಿರುತ್ತದೆ. ಅದರ ಎರಡು ಬದಿಗೆ ಉದ್ದದ ಸೀಳು. ಆ ಸೀಳಿನಲ್ಲಿ ಓಕ್ ಹಲಗೆಗಳನ್ನು ಒಂದರ ಮೇಲೊಂದು ಇಳಿಸಿರುತ್ತಾರೆ. ನೀರು ಮೇಲಿನ ಹಲಗೆಯನ್ನು ಹತ್ತಿ ಒಳಗೆ ಬಿದ್ದು ಏರಿಯ ಕೆಳಗಿನ ಕೊಳವೆಯಿಂದ ಹೊರಗೆ ಹೋಗುತ್ತದೆ. ಕೆರೆಯ ಮಟ್ಟ ಇಳಿಸಬೇಕೆಂದರೆ ಒಂದು ಹಲಗೆ ತೆಗೆಯಬೇಕು, ಅಷ್ಟೇ. ತೆಗೆಯುವುದು ಉದ್ದ ಹಿಡಿಯ ಕೊಕ್ಕೆಯಿಂದ. ಹಲಗೆಯ ನೆತ್ತಿಯಲ್ಲಿರುವ ಬಳೆಗೆ ಕೊಕ್ಕೆ ಸಿಕ್ಕಿಸಿ, ಮೊದಲು ಒಂದು ಬದಿ ಅಲ್ಲಾಡಿಸಿ, ಆಮೇಲೆ ಇನ್ನೊಂದು ಬದಿ ಅಲ್ಲಾಡಿಸಿ ನೇರ ಮೇಲೆ ಎಳೆಯಬೇಕು. ವರ್ಷವಿಡೀ ನೀರಲ್ಲಿದ್ದ ಹಲಗೆ ಉಬ್ಬಿ ಬಿಗಿದಿರುತ್ತದೆ. ಓರೆಯಾಗಿ ಎಳೆದರೆ ಸೀಳಿನಲ್ಲಿ ಕಚ್ಚಿಕೊಂಡು ಅಲ್ಲೇ ನಿಲ್ಲುತ್ತದೆ. ಸರಿಯಾಗಿ ಬಿಟ್ಟುಕೊಂಡಾಗ ಸಣ್ಣಗೆ ಒಂದು ಸದ್ದು ಬರುತ್ತದೆ, ಹಿಂದೆಯೇ ಕೊಳವೆಯೊಳಗೆ ನೀರಿನ ದನಿ ದಪ್ಪವಾಗುತ್ತದೆ. ಬಾಷ್ಟೀರ್ ಆ ದನಿ ಕೇಳಿಯೇ ಎಷ್ಟು ನೀರು ಹೋಗುತ್ತಿದೆ ಎಂದು ಹೇಳುತ್ತಿದ್ದರು. ನಾನು ಅಳತೆ ಕೋಲು ಹಿಡಿದು ಲೆಕ್ಕ ಹಾಕುತ್ತಿದ್ದೆ. ಅವರ ಅಂದಾಜಿಗೂ ನನ್ನ ಲೆಕ್ಕಕ್ಕೂ ಹೆಚ್ಚು ವ್ಯತ್ಯಾಸ ಬರುತ್ತಿರಲಿಲ್ಲ.

ಇಲ್ಲಿ ಅವಸರ ಮಾಡಬಾರದು. ಬೇಗ ಬೇಗ ಹಲಗೆ ತೆಗೆದರೆ ನೀರು ಇಳಿಯುವ ವೇಗಕ್ಕೆ ಮೀನು ಇಳಿಯಲಾರದೆ ಜೊಂಡಿನ ಮಧ್ಯೆ, ಹೊಂಡಗಳಲ್ಲಿ ಸಿಕ್ಕಿಬೀಳುತ್ತದೆ. ಕೆಸರು ಎದ್ದು ಕೆಳಗಿನ ಕಾಲುವೆ ಸೇರುತ್ತದೆ. ಇನ್ನೂ ದೊಡ್ಡ ಸಮಸ್ಯೆ ಎಂದರೆ, ಬಿಟ್ಟ ನೀರು ಹೋಗಬೇಕಾದ ಕೆರೆಯಲ್ಲಿ ಜಾಗ ಇರಬೇಕು. ಆ ಕೆರೆಯಲ್ಲಿ ಇನ್ನೂ ಮೀನು ಹಿಡಿಯದಿದ್ದರೆ, ಅಲ್ಲಿ ಇಳಿಸುತ್ತಿರುವ ನೀರಿನ ಮೇಲೆ ಈ ನೀರು ಬಂದು ಬೀಳುತ್ತದೆ. ಹಾಗಾಗಿ ಯಾವುದನ್ನು ಮೊದಲು, ಯಾವುದನ್ನು ಆಮೇಲೆ ಎಂಬುದನ್ನು ಸಾಲಿಗೆಲ್ಲ ಸೇರಿಸಿ ಒಟ್ಟಿಗೆ ತೀರ್ಮಾನಿಸಬೇಕು. ರೋಝಂಬೆರ್ಕ್‌ನಂಥ ಕೆರೆ ಬತ್ತಿಸಲು ವಾರಗಟ್ಟಲೆ ಬೇಕು. ಬಾಷ್ಟೀರ್‌ಗಳು ದಿನವೂ ಬೆಳಿಗ್ಗೆ ಫೋನಿನಲ್ಲಿ ಒಬ್ಬರಿಗೊಬ್ಬರು ಹೇಳಿಕೊಳ್ಳುವುದು ಇದೇ: ನಾನು ಇಷ್ಟು ಬಿಡುತ್ತಿದ್ದೇನೆ, ನಿನಗೆ ಸಂಜೆ ಹೊತ್ತಿಗೆ ಬರುತ್ತೆ, ನೋಡ್ಕೋ. ಮೀನಿನ ಮಾತೇ ಇರುವುದಿಲ್ಲ.

ಅದನ್ನು ಕೇಳುವಾಗೆಲ್ಲ ನನಗೆ ಕೋಲಾರ, ಚಿಕ್ಕಬಳ್ಳಾಪುರದ ಕೆರೆ ಸಾಲುಗಳ ನೆನಪು. ಅಲ್ಲಿಯೂ ಮೇಲಿನ ಕೆರೆ ಕೋಡಿ ಬಿದ್ದರೆ ಕೆಳಗಿನ ಕೆರೆಗೆ ನೀರು. ಹಾಗೆ ಊರೂರಿಗೆ ಕೊಂಡಿ ಹಾಕಿದ್ದು ನಮ್ಮ ಹಿರಿಯರೇ. ಆದರೆ ಎಷ್ಟೋ ಕಡೆ ರಾಜಕಾಲುವೆ ಹೂತುಹೋಗಿದೆ, ತೂಬಿನ ಬಾಗಿಲು ತುಕ್ಕು ಹಿಡಿದಿದೆ, ನೀರಗಂಟಿಯ ಮನೆತನಕ್ಕೆ ಆ ಕೆಲಸವೇ ಉಳಿದಿಲ್ಲ. ಮೀನು ಬಿಡುವವರು ಕೆರೆ ಕೆರೆಗೂ ಬೇರೆ ಬೇರೆ ಗುತ್ತಿಗೆ ಹಿಡಿಯುತ್ತಾರೆ. ಮೇಲಿನವನು ಏನು ಮಾಡುತ್ತಿದ್ದಾನೆಂದು ಕೆಳಗಿನವನಿಗೆ ತಿಳಿಯುವುದಿಲ್ಲ. ಟ್ರೆಬೊನ್‌ನಲ್ಲಿ ಕೆರೆಗಿಂತ ಮೊದಲು ಸಾಲನ್ನು ನೋಡುತ್ತಾರೆ. ಹಳೆಯ ಏರಿ ಉಳಿದದ್ದಕ್ಕಿಂತಲೂ ಈ ಅಭ್ಯಾಸ ಉಳಿದದ್ದೇ ದೊಡ್ಡದು ಅನ್ನಿಸುತ್ತದೆ ನನಗೆ.

ಕಾರ್ಪ್ ಕೂಡ ಒಂದೇ ಕೆರೆಯಲ್ಲಿ ಹುಟ್ಟಿ ಬೆಳೆಯುವುದಿಲ್ಲ. ಮರಿಗಳಿಗೆ ಬೇಗ ಬಿಸಿಯಾಗುವ ಆಳವಿಲ್ಲದ ಪುಟ್ಟ ಕೆರೆ. ಮರುವರ್ಷ ಅವನ್ನು ಹಿಡಿದು ಸ್ವಲ್ಪ ದೊಡ್ಡ ಕೆರೆಗೆ. ಚಳಿಗಾಲದಲ್ಲಿ ಮೇಲೆ ಮಂಜುಗಡ್ಡೆ ಕಟ್ಟಿದರೂ ಕೆಳಗೆ ಉಸಿರಾಡಲು ಆಗುವಂಥ, ಹರಿವು ಇರುವ ಆಳದ ಕೆರೆ. ಮೂರನೆಯ ಅಥವಾ ನಾಲ್ಕನೆಯ ವರ್ಷ ದೊಡ್ಡ ಕೆರೆ. ಅಲ್ಲಿ ಎರಡು ಮೂರು ಕೆ.ಜಿ. ತೂಗಿದ ಮೇಲೆ ಸುಗ್ಗಿ. ಬೇಸಿಗೆಯಲ್ಲಿ ದೋಣಿಯಿಂದ ಗೋಧಿಯಂಥ ಕಾಳು ಚೆಲ್ಲುತ್ತಾರೆ. ಆದರೆ ಬೆಳವಣಿಗೆಯ ದೊಡ್ಡ ಪಾಲು ಬರುವುದು ನೀರಿನಲ್ಲೇ ಹುಟ್ಟುವ ಸೂಕ್ಷ್ಮ ಜೀವಿಗಳಿಂದ, ತಳದ ಹುಳುಗಳಿಂದ. ಇದನ್ನು ಕಾರ್ಪಿನ ಕರುಳು ಬಿಡಿಸಿ ನೋಡಿ ತೋರಿಸಿದವರು 19ನೇ ಶತಮಾನದಲ್ಲಿ ಇಲ್ಲಿಯ ಎಸ್ಟೇಟ್ ನೋಡಿಕೊಳ್ಳುತ್ತಿದ್ದ ಯೋಸೆಫ್ ಶುಸ್ತಾ. ಸೊರಗಿದ್ದ ಕೆರೆಗಳಿಗೆ ಗೊಬ್ಬರ, ಸುಣ್ಣ, ಮೇವು ಕೊಟ್ಟು ಮೀನು ಬೆಳೆಯುವ ಅವಧಿಯನ್ನೇ ತಗ್ಗಿಸಿದವರೂ ಅವರೇ.

ಸುಗ್ಗಿಗೆ ಅಕ್ಟೋಬರ್, ನವೆಂಬರ್ ಯಾಕೆ ಎಂಬುದು ಆ ನೀರಿಗೆ ಇಳಿದರೆ ಗೊತ್ತಾಗುತ್ತದೆ. ರಬ್ಬರಿನ ಎದೆಮಟ್ಟದ ಪ್ಯಾಂಟು ಹಾಕಿಕೊಂಡರೂ ಮೊಣಕಾಲು ಮರಗಟ್ಟುತ್ತದೆ. ಆ ತಣ್ಪೇ ಮೀನನ್ನು ಕಾಪಾಡುವುದು. 20 ಡಿಗ್ರಿಯ ನೀರು ಲೀಟರಿಗೆ ಸುಮಾರು 9 ಮಿಲಿಗ್ರಾಂ ಆಮ್ಲಜನಕ ಹಿಡಿದುಕೊಂಡರೆ 5 ಡಿಗ್ರಿಯ ನೀರು ಸುಮಾರು 13 ಮಿಲಿಗ್ರಾಂ ಹಿಡಿದುಕೊಳ್ಳುತ್ತದೆ. ತಣ್ಣಗಿನ ನೀರಲ್ಲಿ ಮೀನು ಮೇಯುವುದೂ ಕಡಿಮೆ, ಉಸಿರಿನ ಖರ್ಚೂ ಕಡಿಮೆ. ಬೇಸಿಗೆಯಲ್ಲಿ ಅಷ್ಟು ಮೀನನ್ನು ಒಂದೇ ಗುಂಡಿಯಲ್ಲಿ ಒತ್ತಿದರೆ ಉಸಿರುಗಟ್ಟಿ ಸಾಯುತ್ತವೆ. ಆ ಗುಂಡಿಯೂ ಕೆರೆ ಕಟ್ಟುವಾಗಲೇ ತೋಡಿದ್ದು. ಏರಿಯ ಬುಡದಲ್ಲಿ, ತೂಬಿನ ಎದುರಿಗೆ, ಕೆರೆಯಲ್ಲೇ ಅತಿ ಆಳದ ಜಾಗ. ನೂರಾರು ಹೆಕ್ಟೇರಿನಲ್ಲಿ ಹರಡಿದ್ದ ಮೀನೆಲ್ಲ ಕೊನೆಗೆ ಅಲ್ಲಿಗೇ ಬಂದು ಸೇರುತ್ತದೆ.

ನಾನು ಕೈಜೋಡಿಸಿದ್ದು ರೋಝಂಬೆರ್ಕ್‌ಗಿಂತ ಎಷ್ಟೋ ಚಿಕ್ಕ ಕೆರೆಯೊಂದರಲ್ಲಿ. ದೊಡ್ಡದರ ಸುಗ್ಗಿಯನ್ನು ಏರಿಯ ಮೇಲೆ ನಿಂತು ನೋಡಿದೆ ಅಷ್ಟೇ. ಅಲ್ಲಿ ಜನಜಾತ್ರೆ, ಕಹಳೆ ಊದಿ ಆರಂಭ, ಮಕ್ಕಳ ಕೈಯಲ್ಲಿ ಕಡ್ಡಿಯಂತೆ ಸೀಳಿ ಕರಿದ ಕಾರ್ಪ್. ಚಿಕ್ಕ ಕೆರೆಯಲ್ಲಿ ನೋಡುವವರಿಲ್ಲ, ಬರೀ ಕೆಲಸ.

ಬೆಳಕು ಹರಿಯುವ ಮೊದಲೇ ಎಲ್ಲರೂ ಏರಿಯ ಕೆಳಗೆ. ರಮ್ ಬೆರೆಸಿದ ಬಿಸಿ ಚಹಾ ಸುತ್ತು ಬಂತು. ಕೆಸರ ಮೇಲೆ ಬಕಗಳು ಆಗಲೇ ಸಾಲಾಗಿ ಇಳಿದಿದ್ದವು. ಎಳೆಬಲೆಯನ್ನು ದೋಣಿಯಿಂದ ಗುಂಡಿಯ ಸುತ್ತ ಬಿಡುತ್ತಾರೆ, ಮೇಲಂಚಿಗೆ ತೇಲುವ ಬೆಂಡು, ಕೆಳಂಚಿಗೆ ಭಾರ. ಎರಡೂ ತುದಿಯನ್ನು ಏರಿಯ ಕಡೆಗೆ ಎಳೆಯುತ್ತಾ ಬರಬೇಕು. ಒಬ್ಬರು ಮುಂದೆ ಹೋದರೆ ಬಲೆ ಓರೆಯಾಗಿ ಕೆಳಂಚು ಮೇಲೇಳುತ್ತದೆ, ಮೀನು ಅಡಿಯಿಂದ ನುಸುಳುತ್ತದೆ. ಆದ್ದರಿಂದ ಒಬ್ಬರು ಕೂಗಿದ ಲಯಕ್ಕೆ ಎಲ್ಲರೂ ಹೆಜ್ಜೆ ಇಡುತ್ತಾರೆ. ಕೆಸರು ಮೊಣಕಾಲು ಹಿಡಿದುಕೊಳ್ಳುತ್ತದೆ. ಹಿಮ್ಮಡಿ ಮೊದಲು ತಿರುಗಿಸಿ ಬಿಡಿಸಿಕೊಂಡು ಆಮೇಲೆ ಕಾಲೆತ್ತಬೇಕು, ಸೀದಾ ಎತ್ತಿದರೆ ಬೂಟು ಅಲ್ಲೇ ಉಳಿಯುತ್ತದೆ ಎಂದು ಪಕ್ಕದಲ್ಲಿದ್ದ ಹುಡುಗ ಕಾಲು ತೋರಿಸಿ ಕಲಿಸಿದ. ಬಲೆಯ ಸುತ್ತು ಕಿರಿದಾಗುತ್ತಾ ಬಂದ ಹಾಗೆ ಹಗ್ಗ ಕೈಯಲ್ಲಿ ನಡುಗತೊಡಗುತ್ತದೆ. ನೀರಿನ ಕೆಳಗೆ ಇರುವ ಮೀನಿನ ರಾಶಿ ಎಷ್ಟೆಂದು ಕಣ್ಣಿಗೆ ಕಾಣುವ ಮುಂಚೆ ಅಂಗೈಗೆ ತಿಳಿಯುತ್ತದೆ.

ನನ್ನ ಪಾಲಿಗೆ ಬಂದದ್ದು ವಿಂಗಡಿಸುವ ಮೇಜು. ದೊಡ್ಡ ಹಿಡಿಬಲೆಯಿಂದ ಮೊಗೆದ ಮೀನು ನೀರು ತೋಯ್ದ ಇಳಿಜಾರು ಮೇಜಿನ ಮೇಲೆ ಬಂದು ಬೀಳುತ್ತದೆ. ಎರಡೂ ಕಡೆ ನಿಂತವರು ಜಾತಿ ನೋಡಿ, ಗಾತ್ರ ನೋಡಿ ಬೇರೆ ಬೇರೆ ತೊಟ್ಟಿಗೆ ಜಾರಿಸಬೇಕು. ಮೊದಲು ಕೈಹಾಕಬೇಕಾದದ್ದು ಕಾಂದಾತ್ ಎಂಬ ಬೇಟೆ ಮೀನಿಗೆ. ಬಲು ಸೂಕ್ಷ್ಮ, ಸ್ವಲ್ಪ ತಡವಾದರೂ ಸಾಯುತ್ತದೆ. ಆಮೇಲೆ ಚೂಪು ಹಲ್ಲಿನ ಪೈಕ್. ಕಾರ್ಪ್ ಗಟ್ಟಿ ಜೀವ, ಕಾಯಬಲ್ಲದು. ನಮಗೆ ಗೊತ್ತಿರುವ ಹುಲ್ಲುಗೆಂಡೆ, ಬೆಳ್ಳಿಗೆಂಡೆಗಳೂ ನಡುವೆ ಬರುತ್ತವೆ. ಕಾರ್ಪನ್ನು ಕಿವಿರಿಗೆ ಬೆರಳು ಹಾಕಿ ಎತ್ತುವಂತಿಲ್ಲ. ಒಂದು ಕೈ ಹೊಟ್ಟೆಯಡಿ, ಇನ್ನೊಂದು ಬಾಲದ ಬುಡಕ್ಕೆ. ಇಲ್ಲಿಯ ಕಾರ್ಪ್‌ಗಳಲ್ಲಿ ಬಹಳಷ್ಟಕ್ಕೆ ಮೈತುಂಬ ಹುರುಪೆ ಇಲ್ಲ, ಬೆನ್ನಿನ ಉದ್ದಕ್ಕೆ ಅಲ್ಲೊಂದು ಇಲ್ಲೊಂದು ರೂಪಾಯಿ ಅಗಲದ ಬಿಲ್ಲೆ ಮಾತ್ರ. ಉಳಿದದ್ದೆಲ್ಲ ಬರೀ ಚರ್ಮ, ಅದರ ಮೇಲೆ ದಪ್ಪ ಲೋಳೆ. ಆ ಲೋಳೆ ಒರೆಸಿಹೋದರೆ ಮುಂದೆ ಆ ಜಾಗಕ್ಕೆ ಬೂಷ್ಟು ಹಿಡಿಯುತ್ತದೆ. ಆದ್ದರಿಂದ ಮೇಜು, ಕೈಗವಸು ಎಲ್ಲವೂ ಸದಾ ಒದ್ದೆ ಇರಬೇಕು. ಮಧ್ಯಾಹ್ನದ ಹೊತ್ತಿಗೆ ಗಾತ್ರ ಅಂದಾಜಿಸಲು ತಕ್ಕಡಿ ಬೇಡವಾಗಿತ್ತು, ತೋಳೇ ಹೇಳುತ್ತಿತ್ತು.

ತೂಕವಾದ ಮೀನನ್ನು ಆಮ್ಲಜನಕ ಬಿಡುವ ನೀರಿನ ಟ್ಯಾಂಕರ್ ಲಾರಿಗಳಲ್ಲಿ ಸಂಗ್ರಹ ಕೊಳಗಳಿಗೆ ಸಾಗಿಸುತ್ತಾರೆ. ಸಾಲಾಗಿ ಕಟ್ಟಿದ ಚಿಕ್ಕ ಕೊಳಗಳು, ಸದಾ ಹರಿಯುವ ಶುದ್ಧ ನೀರು. ಅಲ್ಲಿ ಮೀನಿಗೆ ಮೇವು ಹಾಕುವುದಿಲ್ಲ. ಕೆರೆಯ ಪಾಚಿ, ಬ್ಯಾಕ್ಟೀರಿಯಾಗಳಿಂದ ಬರುವ ಜಿಯೋಸ್ಮಿನ್ ಎಂಬ ವಸ್ತು ಮಾಂಸದಲ್ಲಿ ಸೇರಿಕೊಂಡು ಮಣ್ಣಿನ ವಾಸನೆ ಕೊಡುತ್ತದೆ. ವಾರಗಟ್ಟಲೆ ಶುದ್ಧ ನೀರಿನಲ್ಲಿದ್ದರೆ ಅದು ಬಿಟ್ಟುಹೋಗುತ್ತದೆ. ಕೆರೆ ಮೀನು ಎಂದರೆ ಮೂಗು ಮುರಿಯುವ ನಮ್ಮ ಪೇಟೆಯ ಗಿರಾಕಿಗಳಿಗೆ ಈ ಒಂದು ಹಂತ ಸೇರಿಸಿದರೆ ಸಾಕು, ಬೆಲೆಯೇ ಬೇರೆಯಾದೀತು. ಟ್ರೆಬೊನ್ ಕಾರ್ಪ್‌ಗೆ ಯುರೋಪಿಯನ್ ಒಕ್ಕೂಟದ ಭೌಗೋಳಿಕ ಗುರುತು ಇದೆ. ಆ ಹೆಸರಿನ ರುಚಿಗೆ ಈ ಕೊಳಗಳದ್ದೂ ಪಾಲಿದೆ. ಡಿಸೆಂಬರ್ 20ರ ಹೊತ್ತಿಗೆ ದೇಶದ ಊರೂರ ಬೀದಿಗಳಲ್ಲಿ ದೊಡ್ಡ ತೊಟ್ಟಿಗಳು ಬಂದು ಕೂರುತ್ತವೆ. ಕ್ರಿಸ್‌ಮಸ್ ಹಿಂದಿನ ಸಂಜೆ ಮನೆಮನೆಯಲ್ಲೂ ಕರಿದ ಕಾರ್ಪ್ ಮತ್ತು ಆಲೂಗಡ್ಡೆ ಸಲಾಡ್. ಒಂದು ಹುರುಪೆಯನ್ನು ಪರ್ಸಿನಲ್ಲಿಟ್ಟುಕೊಂಡರೆ ವರ್ಷವಿಡೀ ಹಣ ಕೈಬಿಡದು ಎಂಬ ನಂಬಿಕೆಯೂ ಇದೆ. ನನ್ನ ಪರ್ಸಿನಲ್ಲೂ ಒಂದಿದೆ, ಮೇಜಿನ ಜೊತೆಗಾರರು ಕೊಟ್ಟದ್ದು.

ಎಲ್ಲವೂ ಸರಿಯಿದೆ ಎಂದು ಹೇಳಿದರೆ ಸುಳ್ಳಾಗುತ್ತದೆ. ಗೊಬ್ಬರ, ಮೇವು, ಸುತ್ತಲ ಹೊಲಗಳಿಂದ ಇಳಿದುಬರುವ ಪೋಷಕಾಂಶ ಎಲ್ಲ ಸೇರಿ ಬೇಸಿಗೆಯಲ್ಲಿ ಹಲವು ಕೆರೆಗಳು ಹಸಿರು ಬಣ್ಣಕ್ಕೆ ತಿರುಗುತ್ತವೆ. ಮೀನು ಒತ್ತೊತ್ತಾಗಿ ಸಾಕಿದಲ್ಲಿ ನೀರೊಳಗಿನ ಗಿಡ, ಕಪ್ಪೆ, ಬಾತುಕೋಳಿ ಕಡಿಮೆಯಾಗಿವೆ. ಈ ಪ್ರದೇಶ 1977ರಿಂದ ಯುನೆಸ್ಕೋ ಜೀವಗೋಳ ಮೀಸಲು. ಹಾಗಾಗಿ ಪರಿಸರದವರಿಗೂ ಮೀನಿನವರಿಗೂ ಜಟಾಪಟಿ ತಪ್ಪಿದ್ದಲ್ಲ. ಇತ್ತ ಮೀನಿನವರಿಗೆ ನೀರುಕಾಗೆಗಳ ಕಾಟ, ಎರಡನೇ ವರ್ಷದ ಮರಿಗಳ ಮೇಲೇ ಅವುಗಳ ಕಣ್ಣು. ಬಾಷ್ಟೀರ್ ಜೊತೆ ಈ ವಿಷಯ ಮಾತಾಡಿದೆ. ಮೇವು ಕಡಿಮೆ ಮಾಡಬೇಕು ಎಂಬುದನ್ನು ಅವರು ಒಪ್ಪಿದರು, ಹಕ್ಕಿಗಳ ವಿಷಯದಲ್ಲಿ ಒಪ್ಪಲಿಲ್ಲ. ನನಗಂತೂ ಮೀನಿನ ಸಂಖ್ಯೆ ಇಳಿಸಬೇಕು ಎಂಬ ವಾದವೇ ಸರಿ ಎನಿಸುತ್ತದೆ, ಇಷ್ಟು ಕಾಲ ಬಾಳಿದ ನೀರಿಗೆ ಅಷ್ಟು ಬಿಡುವು ಕೊಡಲೇಬೇಕು. ಮುಂಚೆ ಕೆಲವು ಕೆರೆಗಳನ್ನು ಒಂದು ಬೇಸಿಗೆ ಪೂರ್ತಿ ಒಣಗಲು ಬಿಟ್ಟು ತಳದ ಮಣ್ಣಿಗೆ ಗಾಳಿಬಿಸಿಲು ಕಾಣಿಸುತ್ತಿದ್ದರಂತೆ. ಅದು ಮತ್ತೆ ಹೆಚ್ಚಬೇಕು.

ಮೀನು ಹೋದ ಮರುದಿನ ಕೆರೆ ಬರೀ ಕೆಸರು. ತೂಬಿನ ಸೀಳು ತೊಳೆದು, ಸವೆದ ಹಲಗೆ ಬದಲಿಸಿ, ಹಲಗೆಗಳನ್ನು ಒಂದೊಂದಾಗಿ ಮತ್ತೆ ಇಳಿಸಿದೆವು. ಸಂದಿಯಲ್ಲಿ ನೀರು ಜಿನುಗದಂತೆ ಎರಡು ಸಾಲು ಹಲಗೆಗಳ ನಡುವೆ ಮಣ್ಣು ತುಂಬಿ ತುಳಿಯಬೇಕು. ಇನ್ನು ತುಂಬಿಸುವ ಕೆಲಸ. ಚಳಿಗಾಲದ ಮಳೆ, ಕರಗಿದ ಹಿಮ, ಕಾಲುವೆಯ ನೀರು, ಮೂರೂ ಸೇರಿ ವಸಂತದ ಹೊತ್ತಿಗೆ ಕೆರೆ ತುಂಬಬೇಕು. ಹಿಮ ಕಡಿಮೆ ಬಿದ್ದ ವರ್ಷ ಎಲ್ಲ ಕೆರೆಗೂ ಸಾಲುವುದಿಲ್ಲ, ಮರಿ ಬಿಡಬೇಕಾದ ಕೆರೆಗಳಿಗೆ ಮೊದಲು, ದೊಡ್ಡದಕ್ಕೆ ಆಮೇಲೆ ಎಂದು ಬಾಷ್ಟೀರ್‌ಗಳು ಕೂತು ಹಂಚಿಕೊಳ್ಳುತ್ತಾರೆ. ನಮ್ಮ ಕೆರೆಗೆ ಎರಡನೇ ಸರದಿ ಸಿಕ್ಕಿದೆ. ಮಾರ್ಚ್ ಕೊನೆಗೆ ಮರಿ ಬಿಡುವಾಗ ಬನ್ನಿ ಎಂದಿದ್ದಾರೆ, ಹೋಗುತ್ತಿದ್ದೇನೆ. ಈ ಸಲ ಅಳತೆ ಕೋಲಿನ ಜೊತೆಗೆ ಕೊಳವೆಯ ದನಿ ಕೇಳಿ ಹರಿವು ಅಂದಾಜಿಸುವುದನ್ನೂ ಅವರಿಂದ ಕಲಿಯಬೇಕು.